ಎರಡು ಉಸಿರಿನ ತೇವ

ನನ್ನ ಹೆಂಡತಿಗೆ ನೀರು ಕಂಡರೆ ಆಗುವುದಿಲ್ಲ. ಕುಡಿಯುತ್ತಾಳೆ, ಸ್ನಾನ ಮಾಡುತ್ತಾಳೆ, ಅದೆಲ್ಲ ಬೇರೆ ಮಾತು. ಆದರೆ ಇರಬಾರದ ಕಡೆ ಒಂದು ಹನಿ ಕಂಡರೂ ಸಾಕು, ಮೂವತ್ತೆರಡು ವರ್ಷ ಸಂಸಾರ ಮಾಡಿದ ಗಂಡ ಎಂಬ ಮುಲಾಜಿಲ್ಲದೆ ಜಾಡಿಸುತ್ತಾಳೆ. ಒದ್ದೆ ಚಮಚ ನಮ್ಮ ಸಕ್ಕರೆ ಡಬ್ಬಿಗೆ ಇಳಿದದ್ದೇ ಇಲ್ಲ. ನೆನೆದ ಕೊಡೆ ಹೊಸ್ತಿಲು ದಾಟುವ ಹಾಗಿಲ್ಲ. ಬಿಸ್ಕತ್ತು ಬೇಕಾದರೆ ಡಬ್ಬಿಯಿಂದ ತೆಗೆದು, ಮುಚ್ಚಳ ಹಾಕಿ, ಆಮೇಲೆ ಕಚ್ಚಬೇಕು. ಕಚ್ಚಿಕೊಂಡು ಮುಚ್ಚಳ ಹುಡುಕಿದರೆ ಆವತ್ತಿನ ನನ್ನ ಗತಿ ಮುಗಿಯಿತು.

ನನ್ನ ಅಮ್ಮನಿಗೆ ಈಗ ಎಂಬತ್ತಮೂರು. ಸೊಸೆಗೆ ಅವರು ಇಟ್ಟ ಹೆಸರು ‘ಮುಚ್ಚಳ’. ಬೆನ್ನ ಹಿಂದೆ ಅಲ್ಲ, ಎದುರಿಗೇ ಹಾಗೆ ಕರೆಯುತ್ತಾರೆ. ಸಂಜೆ ಐದೂವರೆಗೆ ಗೇಟಿನ ಸದ್ದಾದರೆ “ಮುಚ್ಚಳ ಬಂದ್ಲಾ?” ಎನ್ನುತ್ತಾರೆ. ಇವಳೂ ಬೇಸರವಿಲ್ಲದೆ “ಬಂದೆ ಅತ್ತೆ” ಎಂದು ಚಪ್ಪಲಿ ಬಿಡುತ್ತಾಳೆ. ಸೊಸೆ ಈ ಮುದುಕಿಯ ಬಾಯಿಗೂ ಒಂದು ಮುಚ್ಚಳ ಮಾಡಿಸಿಟ್ಟಿದ್ದಾಳೆ ಎಂದು ಅಮ್ಮ ಬಂದವರ ಮುಂದೆಲ್ಲ ದೂರುವುದುಂಟು. ಅದನ್ನು ಹಾಕುವ ಧೈರ್ಯ ಮಾತ್ರ ಯಾರಿಗೂ ಬಂದಿಲ್ಲ.

ಇದು ಗೀಳಲ್ಲ, ಕಸುಬು. ಊರಾಚೆಯ ಪ್ಲಾಸ್ಟಿಕ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಅವಳು ಸಹಾಯಕಿಯಾಗಿದ್ದಳು. ಎರಡನೇ ಮಹಡಿಯಲ್ಲಿ ಒಂದು ಉದ್ದನೆಯ ಕೋಣೆ, ಗೋಡೆಗುಂಟ ನೈಟ್ರೋಜನ್ ಅನಿಲದ ಕೊಳವೆಗಳು, ಮೂಲೆಯಲ್ಲಿ ಗಾಜಿನ ಸಾಮಾನು ಒಣಗಿಸುವ ಓವನ್. ಅಲ್ಲಿ ಅವಳು ಮಾಡುತ್ತಿದ್ದುದು ಕ್ಯಾಟಲಿಸ್ಟ್. ಶಾಲೆಯ ಪುಸ್ತಕದಲ್ಲಿ ಅದಕ್ಕೆ ಕ್ರಿಯಾವರ್ಧಕ ಎಂದಿತ್ತು, ನನಗೆ ಆ ಪದ ಬಿಟ್ಟರೆ ಬೇರೇನೂ ನೆನಪಿರಲಿಲ್ಲ. ಮದುವೆಗೆ ಮುಂಚೆ, ಇನ್ನೂ ಮಾತುಕತೆಯ ಕಾಲದಲ್ಲಿ, ಅವಳು ಕೆಲಸ ಮುಗಿಸಿ ನನ್ನ ಕನ್ನಡಕದ ಅಂಗಡಿಗೆ ಬಂದು ಕೂರುತ್ತಿದ್ದಳು. ಸುಮ್ಮನೆ ಕೂತು ಗೊತ್ತಿಲ್ಲದ ಜೀವ, ಗಿರಾಕಿಗಳಿಗೆ ಕೊಡುವ ಮುಂಚೆ ಲೆನ್ಸ್ ಒರೆಸಿಕೊಡುತ್ತಿದ್ದಳು. ಆಗಲೇ ನನಗೆ ಪಾಠವೂ ಆಯಿತು.

“ಎರಡು ಉಂಗುರ, ನಡುವೆ ಜಿರ್ಕೋನಿಯಂ ಅನ್ನೋ ಲೋಹದ ಒಂದೇ ಒಂದು ಪರಮಾಣು. ನೀವು ಲೆನ್ಸನ್ನ ಎರಡು ಬೆರಳಲ್ಲಿ ಅಂಚು ಹಿಡ್ಕೋತೀರಲ್ಲ, ಹಾಗೆ. ಅದಕ್ಕೆ ಮೆಟಲೊಸೀನ್ ಅಂತಾರೆ,” ಎಂದಿದ್ದಳು.

ಉಂಗುರಗಳ ನಡುವೆ ಒಂದು ಕಡೆ ಬಾಗಿಲು ತೆರೆದಿರುತ್ತದಂತೆ. ಎಥಿಲೀನ್ ಎಂಬ ಅನಿಲದ ಕಣ ಆ ಬಾಗಿಲಿಗೆ ಬಂದು ಲೋಹಕ್ಕೆ ಅಂಟುತ್ತದೆ, ಇನ್ನೊಂದು ಬಂದು ಅದನ್ನು ಆಚೆ ತಳ್ಳಿ ಲೋಹದ ಪಕ್ಕ ಸೇರುತ್ತದೆ, ಅದನ್ನು ತಳ್ಳಿ ಮತ್ತೊಂದು. ಹೀಗೆ ಸಾವಿರಾರು ಕಣ ಪೋಣಿಸಿಕೊಂಡು ಸರವಾದರೆ ಅದೇ ಪ್ಲಾಸ್ಟಿಕ್. ಹಳೆಯ ಬಗೆಯ ಕ್ಯಾಟಲಿಸ್ಟ್‌ನಲ್ಲಿ ಬಾಗಿಲುಗಳು ನಾನಾ ತರಹ, ಹಾಗಾಗಿ ಸರಗಳೂ ಒಂದು ಗಿಡ್ಡ, ಒಂದು ಉದ್ದ. ಇದರಲ್ಲಿ ಬಾಗಿಲು ಒಂದೇ ತರಹ, ಸರಗಳೂ ಹೆಚ್ಚುಕಡಿಮೆ ಒಂದೇ ಅಳತೆ. ಆದ್ದರಿಂದ ಹಾಳೆ ತೆಳ್ಳಗಿದ್ದರೂ ಹರಿಯುವುದಿಲ್ಲ, ಮಬ್ಬೂ ಇರುವುದಿಲ್ಲ. ಕಾರ್ಖಾನೆಯವರು ಮಾದರಿಗೆಂದು ಹೊರಗಿನಿಂದ ತರಿಸಿದ್ದ, ಬ್ರೆಡ್ಡಿಗೆ ಸುತ್ತುವ ಅಂಥದೊಂದು ಹಾಳೆ ತಂದು ನನ್ನ ಮುಂದೆ ಹಿಡಿದಳು. ಅದರ ಹಿಂದೆ ಇಟ್ಟ ಅಕ್ಷರದ ಫಲಕವನ್ನು ಕೊನೆಯ ಸಾಲಿನವರೆಗೂ ಓದಿದೆ. ಕನ್ನಡಕದವನ ಕಡೆಯಿಂದ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಇಲ್ಲ.

ಆದರೆ ಆ ಲೋಹ ಸುಮ್ಮನೆ ಬಿಟ್ಟರೆ ಮಲಗಿರುತ್ತದೆ. ಎಬ್ಬಿಸಲು ಒಂದು ಅಲ್ಯೂಮಿನಿಯಂ ದ್ರವ ಹಾಕಬೇಕು. ಇಡೀ ಆಟದಲ್ಲಿ ಶತ್ರು ಒಂದೇ, ನೀರು. ಗಾಳಿಯಲ್ಲಿರುವ ತೇವ ಸೋಕಿದರೂ ಕ್ಯಾಟಲಿಸ್ಟ್ ಸತ್ತುಹೋಗುತ್ತದೆ. ಆದ್ದರಿಂದ ಹಿಂದಿನ ದಿನವೇ ಗಾಜನ್ನೆಲ್ಲ ಓವನ್ನಿನಲ್ಲಿ ಒಣಗಿಸು, ಬಿಸಿಯಿರುವಾಗಲೇ ಜೋಡಿಸು, ಒಳಗಿನ ಗಾಳಿ ತೆಗೆದು ನೈಟ್ರೋಜನ್ ತುಂಬು. ಇದರಲ್ಲಿ ನನ್ನ ಹೆಂಡತಿಯನ್ನು ಮೀರಿಸಿದವರು ಆ ಕಟ್ಟಡದಲ್ಲಿ ಇರಲಿಲ್ಲ. ಬೇರೆಯವರು ಮಾಡಿದರೆ ಬಾರದ ಕ್ಯಾಟಲಿಸ್ಟ್ ಅವಳು ಮಾಡಿದರೆ ಬರುತ್ತಿತ್ತು. ಎಲ್ಲರೂ ಅದಕ್ಕೆ ‘ಕೈಗುಣ’ ಎಂದರು. ಮೊದಲು ಅವಳನ್ನು ಕೆಲಸಕ್ಕೆ ತೆಗೆದುಕೊಂಡ ಹಳೆಯ ಸಾಹೇಬರೂ ಹಾಗೆಂದೇ ನಿವೃತ್ತರಾದರು. ಹೊರಗೆ ಸಿಗುವ ದುಬಾರಿ ದ್ರವ ಬೇಡ, ನಮ್ಮ ಸಾಧಾರಣ ದ್ರವವೇ ಸಾಕು, ಈಕೆಯ ಕೈಯೊಂದಿದ್ದರಾಯಿತು ಎಂಬ ಮಾತು ಕಾರ್ಖಾನೆಯಲ್ಲಿ ಬೇರುಬಿಟ್ಟಿತು. ಇವಳು ಮೇಲಕ್ಕೆ ಏನೂ ತೋರಿಸದಿದ್ದರೂ ಒಳಗೊಳಗೇ ಉಬ್ಬುತ್ತಿದ್ದಳು. ಮನೆಗೆ ಬಂದು ಮುಚ್ಚಳಗಳನ್ನು ಇನ್ನಷ್ಟು ಬಿಗಿಯಾಗಿ ತಿರುಗಿಸುತ್ತಿದ್ದಳು.

ಹೋದ ವರ್ಷ ಅವಳ ನಿವೃತ್ತಿ ಹತ್ತಿರ ಬಂದಾಗ ಕೈಗುಣವೇ ತಲೆನೋವಾಯಿತು. ಅವಳ ಜಾಗಕ್ಕೆಂದು ಎರಡು ವರ್ಷದ ಹಿಂದೆ ಬಂದವರು ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದ ಹುಡುಗಿ. ಇಂಜೆಕ್ಷನ್ ಕಂಡರೆ ಕಣ್ಣು ಮುಚ್ಚುವ ಆಕೆಯನ್ನು ಎಲ್ಲರೂ ಡಾಕ್ಟರಮ್ಮ ಎನ್ನುತ್ತಾರೆ. ಒಳ್ಳೆಯ ಕೈ, ಒಳ್ಳೆಯ ತಲೆ. ಅದೇ ಸಾಮಾನು, ಅದೇ ಅಳತೆ, ಅದೇ ಓವನ್. ಆದರೆ ಆಕೆ ಮಾಡಿದರೆ ಕ್ಯಾಟಲಿಸ್ಟ್ ಏಳುತ್ತಲೇ ಇರಲಿಲ್ಲ. ಅನಿಲ ಬಿಟ್ಟರೆ ಬರೀ ಗುಳ್ಳೆ. ಪಕ್ಕದ ಮೇಜಿನಲ್ಲಿ ನನ್ನ ಹೆಂಡತಿ ಮಾಡಿದ್ದು ಹತ್ತು ನಿಮಿಷದಲ್ಲಿ ಗಟ್ಟಿ ಗಂಜಿಯಾಗಿ ಕಡ್ಡಿ ಆಡಿಸಲೂ ಬಿಡುತ್ತಿರಲಿಲ್ಲ.

ದೊಡ್ಡ ಸಾಹೇಬರು ಲೆಕ್ಕಾಚಾರದ ಮನುಷ್ಯ, ಕೆಟ್ಟವರಲ್ಲ. ಒಬ್ಬರ ಕೈಯಲ್ಲಿ ಮಾತ್ರ ಬರುವುದನ್ನು ನಂಬಿ ಕಾರ್ಖಾನೆ ನಡೆಸಲಾಗದು ಎಂದರು. ಇವಳು ನಿವೃತ್ತಳಾಗುವುದರೊಳಗೆ ಡಾಕ್ಟರಮ್ಮ ತಮ್ಮ ಕೈಯಾರೆ, ಯಾರ ಸಹಾಯವಿಲ್ಲದೆ, ತಮ್ಮೆದುರಿಗೆ ಮೂರು ಸಲ ಮಾಡಿ ತೋರಿಸಬೇಕು. ಇಲ್ಲವಾದರೆ ದುಬಾರಿ ದ್ರವಕ್ಕೆ ದುಡ್ಡು ಸುರಿಯುವ ಮಾತಿಲ್ಲ, ಆ ವಿಭಾಗಕ್ಕೆ ಬೀಗ, ಹಳೆಯ ಕ್ಯಾಟಲಿಸ್ಟ್‌ಗೇ ವಾಪಸು. ಡಾಕ್ಟರಮ್ಮನಿಗೆ ಇದು ಕೆಲಸದ ಪ್ರಶ್ನೆ. ನನ್ನ ಹೆಂಡತಿಗೆ ಇಡೀ ಆಯಸ್ಸಿನ ಪ್ರಶ್ನೆ. ತನ್ನ ಮೂವತ್ತೆರಡು ವರ್ಷ ಬೀಗ ಹಾಕಿದ ಬೀರುವಿನಲ್ಲಿ ಕೂರುತ್ತದಲ್ಲ ಎಂದು ಊಟದ ಮಧ್ಯೆ ಕೈ ನಿಲ್ಲಿಸಿ ಯೋಚಿಸುತ್ತಿದ್ದಳು.

ಡಾಕ್ಟರಮ್ಮನ ಅನುಮಾನ ನೀರಿನ ಮೇಲೆ ಬೇಗನೇ ಹೋಗಿತ್ತು. ಆ ಅಲ್ಯೂಮಿನಿಯಂ ದ್ರವಕ್ಕೆ ಅತಿ ಚೂರು ತೇವ ಸೋಕಿದರೆ ಅದೇ ಬೇರೆ ರೂಪ ತಾಳಿ ಲೋಹವನ್ನು ಎಬ್ಬಿಸುತ್ತದೆಂದು ಓದಿದವರಿಗೆಲ್ಲ ಗೊತ್ತಂತೆ. ಹೆಚ್ಚಾದರೆ ವಿಷ, ಚೂರು ಮಾತ್ರ ಮದ್ದು. ಆಕೆ ಅಂದಾಜಿನ ಮೇಲೆ ಹನಿ ನೀರು ಹಾಕಿ ನೋಡಿ ಕೈ ಸುಟ್ಟುಕೊಂಡಿದ್ದರು, ಎಲ್ಲ ಸತ್ತುಹೋಗಿತ್ತು. ಹಾಗಾದರೆ ಮೇಡಂ, ಅಂದರೆ ನನ್ನ ಹೆಂಡತಿ, ಮಾಡುವಾಗ ಎಲ್ಲಿಂದಲೋ ಸರಿಯಾದ ಅಳತೆಯ ತೇವ ಬರುತ್ತಿರಬೇಕು. ದ್ರಾವಕ ಪರೀಕ್ಷಿಸಿದರು, ಒಣ. ನೈಟ್ರೋಜನ್ ಪರೀಕ್ಷಿಸಿದರು, ಒಣ. ಫ್ಲಾಸ್ಕು ಒಣ. ಕೊನೆಗೆ ಒಂದು ದಿನ ಧೈರ್ಯ ಮಾಡಿ ನನ್ನ ಹೆಂಡತಿಯನ್ನೇ ಕೇಳಿಬಿಟ್ಟರು, ನಿಮ್ಮ ಕೆಲಸದಲ್ಲಿ ಎಲ್ಲಾದರೂ ತೇವ ಸೇರುತ್ತಿರಬಹುದಾ ಎಂದು.

ಸಂಜೆ ಮನೆಗೆ ಬಂದವಳ ಮುಖ ನೋಡಿ ಅಮ್ಮ ಕೂಡ ‘ಮುಚ್ಚಳ’ ಎನ್ನಲಿಲ್ಲ. ನಿನ್ನೆ ಮೊನ್ನೆ ಬಂದ ಹುಡುಗಿ ತನಗೆ ತೇವದ ಮಾತು ಹೇಳಿದಳೆಂದು ಇವಳಿಗೆ ಮೈಯೆಲ್ಲ ಉರಿ. ಮೂರು ದಿನ ಡಾಕ್ಟರಮ್ಮನ ಜೊತೆ ಹೂಂ, ಉಹೂಂ ಬಿಟ್ಟು ಬೇರೆ ಮಾತಿಲ್ಲ. ತಪ್ಪು ಎಂದು ನನಗೂ ಅನ್ನಿಸಿತು, ಆದರೆ ಆ ಹೊತ್ತಿನಲ್ಲಿ ಬಾಯಿ ಬಿಡುವಷ್ಟು ಪೆದ್ದ ನಾನಲ್ಲ.

ನಿವೃತ್ತಿಗೆ ಹನ್ನೆರಡು ದಿನ ಇರುವಾಗ ನಾನು ಕಾರ್ಖಾನೆಗೆ ಹೋದೆ. ಅಲ್ಲಿಯವರ ಸುರಕ್ಷತಾ ಕನ್ನಡಕಗಳ ಕಡ್ಡಿ, ಮೂಗಿನ ಪ್ಯಾಡು ಸರಿಮಾಡಿಕೊಡುವುದು ವರ್ಷಕ್ಕೊಮ್ಮೆ ನನ್ನ ಕೆಲಸ. ಯಾವಾಗಲೂ ಗೇಟಿನ ಪಕ್ಕದ ಕೋಣೆಯಲ್ಲಿ ಕೂರಿಸುತ್ತಿದ್ದರು. ಈ ಸಲ ಅಲ್ಲಿ ಬಣ್ಣ ಬಳಿಯುತ್ತಿದ್ದುದರಿಂದ ಎರಡನೇ ಮಹಡಿಯ ಪಡಸಾಲೆಯಲ್ಲಿ, ಪ್ರಯೋಗಾಲಯದ ಗಾಜಿನ ಗೋಡೆಯ ಎದುರಿಗೇ ಮೇಜು ಹಾಕಿಕೊಟ್ಟರು. ನನ್ನ ಹೆಂಡತಿ ಕೆಲಸ ಮಾಡುವುದನ್ನು ನಾನು ಕಣ್ಣಾರೆ ಕಂಡದ್ದು ಅದೇ ಮೊದಲು. ಅಡುಗೆಮನೆಯಲ್ಲಿ ದಡಬಡ ಎನ್ನುವ ಅವಳು ಅಲ್ಲಿ ಗಾಜಿನ ನಡುವೆ ಸದ್ದಿಲ್ಲದೆ ಓಡಾಡುತ್ತಿದ್ದಳು. ನನಗೆ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ.

ಡಾಕ್ಟರಮ್ಮ ನನ್ನ ಮುಂದೆ ಬಂದು ಕೂತರು. ಕನ್ನಡಕ ಬಿಚ್ಚಿಕೊಟ್ಟರೆ ಆಕೆಗೆ ಎದುರಿಗಿರುವವರೂ ಮಬ್ಬು. ಒಳಗೆ ನನ್ನ ಹೆಂಡತಿ ಹೋಲಿಕೆಗೆಂದು ಇನ್ನೊಂದು ಸಲ ಕ್ಯಾಟಲಿಸ್ಟ್ ತಯಾರಿ ನಡೆಸಿದ್ದಾಳೆ, ಫ್ಲಾಸ್ಕಿಗೆ ಕೊಳವೆ ಜೋಡಿಸಿದ ಮೇಲೆ ತಾನು ಹೋಗಿ ಮೊದಲ ಹಂತದಿಂದ ಮತ್ತೆ ಬರೆದುಕೊಳ್ಳಬೇಕು, ಇಪ್ಪತ್ತು ಸಲ ಬರೆದುಕೊಂಡಾಗಿದೆ ಎಂದು ಆಕೆ ಸಣ್ಣ ದನಿಯಲ್ಲಿ ಹೇಳಿಕೊಂಡರು. ನಾನು ಕನ್ನಡಕದ ಸ್ಕ್ರೂ ತಿರುಗಿಸುತ್ತ ಆಕೆಯ ಭುಜದಾಚೆ ನೋಡಿದೆ.

ಹೆಂಡತಿ ಓವನ್ನಿನಿಂದ ಬಂದ ಬೆರಳುದ್ದದ ಗಾಜಿನ ಕೊಳವೆಯೊಂದನ್ನು, ಅಳತೆಯ ಗಾಜು ಮಾತ್ರ ಬಿಸಿಯಿರಬಾರದೆಂದು, ಆರಲು ಬಿಟ್ಟು ಕೈಗೆತ್ತಿಕೊಂಡಳು. ಅಲ್ಯೂಮಿನಿಯಂ ದ್ರವವನ್ನು ಅಳೆದು ಫ್ಲಾಸ್ಕಿಗೆ ಇಳಿಸುವುದು ಅದರಿಂದಲೇ. ಕಿಟಕಿಯ ಬೆಳಕಿಗೆ ತಿರುಗಿದಳು. ಕೊಳವೆಯನ್ನು ಅಂಚಿನಲ್ಲಿ ಎರಡು ಬೆರಳಿಂದ ಹಿಡಿದು ಬಾಯಿಗೆ ಹತ್ತಿರ ತಂದಳು. ‘ಹಾ’ ಎಂದು ಒಂದು ಗಿಡ್ಡ ಉಸಿರು, ‘ಹಾ…’ ಎಂದು ಒಂದು ಉದ್ದ ಉಸಿರು. ಒಂದು ಕಣ್ಣು ಮುಚ್ಚಿ ಒಳಗೆ ನೋಡಿದಳು. ಆವಿ ಮಾಯವಾಯಿತು. ತೃಪ್ತಿಯಿಂದ ತಲೆಯಾಡಿಸಿ ಫ್ಲಾಸ್ಕಿನ ಮೇಲೆ ಕೂರಿಸಿದಳು.

ನನ್ನ ಕೈಯಿಂದ ಸ್ಕ್ರೂ ಜಾರಿ ಬಿತ್ತು. ಅದು ನನ್ನ ಅಂಗಡಿಯ ವರಸೆ, ನನ್ನ ಅಪ್ಪ ನನಗೆ ಕಲಿಸಿದ್ದು. ಗಿಡ್ಡ ಉಸಿರು ಗಾಜನ್ನು ತಂಪಿನಿಂದ ಎಬ್ಬಿಸಲು, ಉದ್ದ ಉಸಿರು ನೋಡಲು. ಬೆರಳ ಗುರುತೋ ಧೂಳೋ ಇದ್ದರೆ ಆ ಮಬ್ಬಿನಲ್ಲಿ ಎದ್ದು ಕಾಣುತ್ತದೆ. ಆವಿ ಕಣ್ಣಿಗೆ ಕಾಣದಂತಾದರೂ ಗಾಜಿನ ಮೈಮೇಲೆ ತೆಳ್ಳನೆಯ ತೇವ ಉಳಿದಿರುತ್ತದೆ, ಆದ್ದರಿಂದಲೇ ನಾವು ಆಮೇಲೆ ಬಟ್ಟೆಯಿಂದ ಒರೆಸುವುದು. ಕೊಳವೆಯ ಒಳಗೆ ಬಟ್ಟೆ ಹೋಗುವುದು ಹೇಗೆ?

ಅಲ್ಲೇ ಹೇಳಿಬಿಡಬಹುದಿತ್ತು. ಆದರೆ ಆ ಹುಡುಗಿಯ ಎದುರು ನನ್ನ ಹೆಂಡತಿಯ ಮರ್ಯಾದೆ ತೆಗೆಯಲು ಮನಸ್ಸಾಗಲಿಲ್ಲ. ಬಿದ್ದ ಸ್ಕ್ರೂ ಹುಡುಕಿ, ಕನ್ನಡಕ ಕೊಟ್ಟು, ಬಾಯಿಗೆ ಬೀಗ ಹಾಕಿಕೊಂಡು ಮನೆಗೆ ಬಂದೆ.

ಸಂಜೆ ಅವಳು ಅಡುಗೆಮನೆಯ ಕಟ್ಟೆಯ ಹತ್ತಿರ ಬೀನ್ಸ್ ಹೆಚ್ಚುತ್ತಿದ್ದಳು. ಅಮ್ಮ ಪಕ್ಕದ ಕುರ್ಚಿಯಲ್ಲಿ ನಾರು ಬಿಡಿಸುತ್ತಿದ್ದರು.

“ಒಂದು ಮಾತು ಕೇಳ್ಲಾ? ಸಿಟ್ಟಾಗಬಾರದು,” ಎಂದೆ.

“ಹಾಗಂದ್ರೆ ಸಿಟ್ಟು ಬರೋ ಮಾತೇ. ಕೇಳಿ.”

“ಇವತ್ತು ಆ ಸಣ್ಣ ಕೊಳವೆ ತಗೊಂಡು ಕಿಟಕಿ ಕಡೆ ತಿರುಗಿದ್ಯಲ್ಲ, ಏನ್ ಮಾಡ್ದೆ?”

“ಕ್ಲೀನಾಗಿದ್ಯಾ ಅಂತ ನೋಡ್ದೆ.”

“ಹೇಗೆ ನೋಡ್ದೆ?”

ಇದೇನು ಕೇಳುವ ಪ್ರಶ್ನೆಯೇ ಎಂಬಂತೆ ಅವಳು ಚಾಕು ಕೆಳಗಿಟ್ಟು, ಕಟ್ಟೆಯ ಮೇಲಿದ್ದ ಗಾಜಿನ ಲೋಟ ಎತ್ತಿಕೊಂಡಳು. ಬೆಳಕಿಗೆ ಹಿಡಿದು ಒಂದು ಗಿಡ್ಡ ಉಸಿರು ಬಿಟ್ಟಳು, ಒಂದು ಉದ್ದ ಉಸಿರು ಬಿಟ್ಟಳು. ಲೋಟ ಮಬ್ಬಾಯಿತು. ಅವಳು ಅದನ್ನು ನೋಡುತ್ತ ಹಾಗೇ ನಿಂತಳು. ಮಬ್ಬು ಅಂಚಿನಿಂದ ಕರಗುತ್ತ ಕರಗುತ್ತ ಪೂರ್ತಿ ಹೋಯಿತು. ಅವಳು ಒಂದು ಬೆರಳನ್ನು ಲೋಟದೊಳಗೆ ಸವರಿ, ಹೆಬ್ಬೆರಳಿಗೆ ಉಜ್ಜಿ ನೋಡಿದಳು.

“ಏನಾಯ್ತು ಮುಚ್ಚಳಕ್ಕೆ?” ಎಂದರು ಅಮ್ಮ.

ಇವಳು ಲೋಟ ಇಟ್ಟು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಳು. ಸ್ವಲ್ಪ ಹೊತ್ತಿಗೆ ನಾನೂ ಹೋಗಿ ಕೂತೆ. ಮೊದಲು ನನಗೆ ಬೈದಳು. ಇದು ನಿಮ್ಮ ಅಂಗಡಿಯಿಂದ ಅಂಟಿದ ಚಾಳಿ, ನಾನು ಹುಟ್ಟಿದ ಮನೆಯಲ್ಲಿ ಯಾರೂ ಗಾಜಿಗೆ ಉಸಿರು ಊದುತ್ತಿರಲಿಲ್ಲ ಎಂದಳು. ನಿಜವೇ. ಆಮೇಲೆ ಬೆರಳು ಮಡಿಚಿ ಏನನ್ನೋ ಎಣಿಸತೊಡಗಿದಳು. ಮದುವೆಗೆ ಮುಂಚೆ ಅವಳು ಆ ಕೆಲಸದಲ್ಲಿದ್ದದ್ದು ಹನ್ನೊಂದು ತಿಂಗಳು. ಆ ಹನ್ನೊಂದು ತಿಂಗಳಲ್ಲಿ ಕ್ಯಾಟಲಿಸ್ಟ್ ಒಂದು ಸಲವೂ ಸರಿಯಾಗಿ ಎದ್ದಿರಲಿಲ್ಲ. ಎದ್ದದ್ದು ಮದುವೆಯ ರಜೆಯನ್ನೆಲ್ಲ ನನ್ನ ಅಂಗಡಿಯಲ್ಲಿ ಲೆನ್ಸ್ ಒರೆಸುತ್ತ ಕಳೆದು ಕೆಲಸಕ್ಕೆ ಹೋದ ವಾರ. ಹಳೆಯ ಸಾಹೇಬರು ನಕ್ಕು, ಮದುವೆಯಾದ ಮೇಲೆ ನಿಮ್ಮ ಕೈಗುಣ ಬದಲಾಯಿತು ಎಂದಿದ್ದರಂತೆ. ದ್ರವ ಕೊಳವೆಗೆ ಇಳಿದಾಗ ಪ್ರತಿ ಸಲ ಒಂದೆಳೆ ಬಿಳಿ ಹೊಗೆ ಏಳುತ್ತಿತ್ತು, ಅದು ಇರುವುದೇ ಹಾಗೆ ಎಂದುಕೊಂಡಿದ್ದಳಂತೆ.

“ನೀರನ್ನ ಬಾಗಿಲಲ್ಲೇ ನಿಲ್ಲಿಸಿದೀನಿ ಅಂತ ಇಷ್ಟು ವರ್ಷ ಜಂಬ ಪಟ್ಕೊಂಡೆ ರೀ. ಒಳಗೆ ಕರ್ಕೊಂಡು ಹೋಗ್ತಾ ಇದ್ದಿದ್ದೇ ನಾನು,” ಎಂದಳು.

ನನಗೆ ತುಂಬ ಸಂಕಟವಾಯಿತು. ಅದರ ಜೊತೆಗೇ, ಹೇಳಲು ನಾಚಿಕೆ, ಒಂದು ಖುಷಿಯೂ ಆಯಿತು. ನನ್ನ ಅಂಗಡಿಯ ಉಸಿರು ಅಷ್ಟು ದೊಡ್ಡ ಕಾರ್ಖಾನೆಯ ಬ್ರೆಡ್ಡಿನ ಹಾಳೆಯಲ್ಲೆಲ್ಲ ಸೇರಿದೆಯಲ್ಲ ಎಂದು. ಅದನ್ನು ಆಗ ಹೇಳಲಿಲ್ಲ. ಇಷ್ಟು ಮಾತ್ರ ಹೇಳಿದೆ: ಇದು ಗೊತ್ತಿರುವುದು ನಮ್ಮಿಬ್ಬರಿಗೇ. ಸುಮ್ಮನಿದ್ದರೆ ಹನ್ನೆರಡು ದಿನದ ಮೇಲೆ ಎಲ್ಲರೂ ನಿನ್ನ ಕೈಗುಣವನ್ನು ಹೊಗಳಿ ಹಾರ ಹಾಕಿ ಕಳಿಸುತ್ತಾರೆ, ವಿಭಾಗಕ್ಕೆ ಬೀಗ ಬೀಳುತ್ತದೆ. ಹೇಳಿದರೆ ಕೈಗುಣ ಹೋಗುತ್ತದೆ, ಕೆಲಸ ಉಳಿಯುತ್ತದೆ. ಅವಳು ಎದ್ದು ಒಳಗೆ ಹೋಗಿ ಉಳಿದ ಬೀನ್ಸ್ ಹೆಚ್ಚಿದಳು. ಊಟಕ್ಕೆ ಉಪ್ಪು ಹಾಕುವುದನ್ನು ಮರೆತಿದ್ದಳು, ಅಮ್ಮ ತಾವೇ ಎದ್ದು ಉಪ್ಪಿನ ಡಬ್ಬಿ ತಂದರು.

ಮಾರನೆಯ ಬೆಳಿಗ್ಗೆ ಅರ್ಧ ಗಂಟೆ ಮುಂಚೆಯೇ ಹೊರಟಳು. ಅಲ್ಲಿ ನಡೆದದ್ದನ್ನು ಡಾಕ್ಟರಮ್ಮನೇ ಆಮೇಲೆ ನನಗೆ ಹೇಳಿದ್ದು. ಇವಳು ಚೀಲವನ್ನೂ ಇಳಿಸದೆ ನೇರವಾಗಿ ಆಕೆಯ ಮೇಜಿನ ಮುಂದೆ ನಿಂತಳಂತೆ.

“ಡಾಕ್ಟರಮ್ಮ, ನೀವು ಅವತ್ತು ಕೇಳಿದ್ದು ಸರಿ. ನೀರು ಹಾಕ್ತಿದ್ದೋಳು ನಾನೇ. ಗೊತ್ತಿಲ್ದೆ ಹಾಕ್ತಿದ್ದೆ. ನಿಮ್ಮ ಮೇಲೆ ಮುನಿಸ್ಕೊಂಡಿದ್ದು ತಪ್ಪಾಯ್ತು,” ಎಂದಳಂತೆ.

ಡಾಕ್ಟರಮ್ಮ ನಗಲಿಲ್ಲ. ಎದ್ದು ಬಾಗಿಲು ಹಾಕಿ ಬಂದು, ಉಸಿರು ಹೇಗೆ ಬಿಡುತ್ತೀರಿ ತೋರಿಸಿ ಎಂದರು. ತಾನು ಇಪ್ಪತ್ತು ಸಲ ಪಕ್ಕದಲ್ಲಿ ನಿಂತು ಬರೆದುಕೊಂಡರೂ ಕೊಳವೆ ಜೋಡಿಸಿದ ಮೇಲಿನದನ್ನು ಮಾತ್ರ ಬರೆದುಕೊಂಡಿದ್ದೆ, ಕೆಲಸ ಶುರುವಾಗುವ ಮುಂಚಿನ ಕೆಲಸವನ್ನು ನೋಡಿರಲೇ ಇಲ್ಲ ಎಂದು ಹಣೆ ಚಚ್ಚಿಕೊಂಡರು. ತೇವ ಅಳೆಯುವ ಯಂತ್ರ ತಂದರು. ಇಬ್ಬರೂ ಸೇರಿ ಇಡೀ ಬೆಳಿಗ್ಗೆ ಗಾಜಿನ ಕೊಳವೆಗಳಿಗೆ ಉಸಿರು ಬಿಟ್ಟರು. ಬಾಗಿಲಲ್ಲಿ ಇಣುಕಿದ ಜವಾನ ಏನೆಂದುಕೊಂಡನೋ ತಿಳಿಯದು. ನನ್ನ ಹೆಂಡತಿಯ ಎರಡು ಉಸಿರಿಗೆ ನಾಲ್ಕು ಮಿಲಿಗ್ರಾಂ ಚಿಲ್ಲರೆ ತೇವ. ಹತ್ತು ಸಲ ಅಳೆದರೂ ಹೆಚ್ಚುಕಡಿಮೆ ಅಷ್ಟೇ. ಅಪ್ಪ ಕಲಿಸಿದ ಗಿಡ್ಡ ಉದ್ದದ ವರಸೆ ಅಷ್ಟು ಕರಾರುವಾಕ್ಕು ಎಂದು ನನಗೂ ಗೊತ್ತಿರಲಿಲ್ಲ.

ಮಧ್ಯಾಹ್ನ ಇವಳು ಬಾಯಿ ಬಿಗಿಹಿಡಿದು, ಕೊಳವೆಗೆ ಉಸಿರು ತಾಗಿಸದೆ, ಕ್ಯಾಟಲಿಸ್ಟ್ ಮಾಡಿದಳು. ಏಳಲಿಲ್ಲ. ಬರೀ ಗುಳ್ಳೆ. ಸಂಜೆ ಗೇಟು ತೆಗೆದುಕೊಂಡು ಬಂದವಳ ಮುಖ ಅರಳಿತ್ತು.

“ಅತ್ತೆ, ಇವತ್ತು ನಂದೂ ಕೆಟ್ಟೋಯ್ತು,” ಎಂದಳು.

ಕೆಟ್ಟದ್ದಕ್ಕೆ ಇಷ್ಟು ಸಂತೋಷಪಡುವ ಸೊಸೆಯನ್ನು ಎಲ್ಲಿಂದ ತಂದೆ ಎಂದು ಅಮ್ಮ ನನ್ನನ್ನು ಕೇಳಿದರು.

ಮುಂದಿನದು ಡಾಕ್ಟರಮ್ಮನ ಕೆಲಸ. ಉಸಿರಿನ ಬದಲು, ಅಷ್ಟೇ ತೇವವನ್ನು ನೈಟ್ರೋಜನ್‌ನಲ್ಲಿ ಅಳೆದು ಕೊಳವೆಗೆ ಬಿಡುವ ದಾರಿ ಕಂಡುಹಿಡಿದರು. ನಿವೃತ್ತಿಗೆ ಮೂರು ದಿನ ಉಳಿದಾಗ ದೊಡ್ಡ ಸಾಹೇಬರು ಬಂದು ಕುರ್ಚಿ ಎಳೆದು ಕೂತರು. ನನ್ನ ಹೆಂಡತಿ ಗೋಡೆಗೆ ಒರಗಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳಂತೆ. ಬಿಟ್ಟರೆ ಕೈ ತಾನಾಗಿ ಮುಂದೆ ಹೋಗುತ್ತದೆಂದು ಭಯ. ದ್ರವ ಇಳಿಯಿತು, ಒಂದೆಳೆ ಹೊಗೆ ಎದ್ದಿತು, ಫ್ಲಾಸ್ಕಿನ ಬಣ್ಣ ತಿಳಿ ಹಳದಿಗೆ ತಿರುಗಿತು. ಅನಿಲ ಬಿಟ್ಟ ಎರಡೇ ನಿಮಿಷಕ್ಕೆ ಬಿಳಿ ಚೂರುಗಳು ಸುತ್ತತೊಡಗಿದವು, ಹತ್ತಕ್ಕೆ ಗಂಜಿ. ಆ ದಿನ ಒಂದು ಸಲ, ಮಾರನೆಯ ದಿನ ಎರಡು ಸಲ. ಹಾಗಾದರೆ ಇಷ್ಟು ದಿನ ಏಕೆ ಬರಲಿಲ್ಲ ಎಂದು ಸಾಹೇಬರು ಕೇಳಿದಾಗ ಡಾಕ್ಟರಮ್ಮ ಸುತ್ತಿ ಬಳಸಿ ಏನೋ ಹೇಳಹೊರಟರು. ನನ್ನ ಹೆಂಡತಿ ತಡೆದು, ಇದ್ದದ್ದನ್ನು ಇದ್ದ ಹಾಗೆ ಎಲ್ಲರೆದುರೇ ಹೇಳಿದಳು. ಸಾಹೇಬರು ತಲೆ ಕೆರೆದುಕೊಂಡು, ಹಾಗಾದರೆ ಕೈಗುಣ ಅಲ್ಲ, ಬಾಯಿಗುಣ ಎಂದರಂತೆ. ಇವಳೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕಳಂತೆ.

ಹಾರ ಹಾಕಿದರು, ಕಳಿಸಿಕೊಟ್ಟರು. ಮನೆಯಲ್ಲಿ ಎರಡು ದಿನ ಕೂತವಳು ಮೂರನೆಯ ದಿನ ನನ್ನ ಅಂಗಡಿಗೆ ಬಂದಳು. ಒಂದೇ ವಾರದಲ್ಲಿ ಪ್ರತಿ ಡ್ರಾಯರಿನಲ್ಲೂ ತೇವ ಹೀರುವ ಪೊಟ್ಟಣ, ಪ್ರತಿ ಪೊಟ್ಟಣದ ಮೇಲೂ ತಾರೀಖು. ನಾನು ಒಪ್ಪಿಕೊಂಡೆ, ಒಪ್ಪದೆ ಎಲ್ಲಿಗೆ ಹೋಗಲಿ. ಆದರೆ ಅವಳು ಒಳಗೇ ತಳಮಳಿಸುತ್ತಿರುವುದು ನನಗೆ ಗೊತ್ತಿತ್ತು. ಸಾಹೇಬರ ಮುಂದೆ ಕ್ಯಾಟಲಿಸ್ಟ್ ಬಂದಾಗ ಅವಳೇ ಗೋಡೆಗೊರಗಿ ಅಲ್ಲಿ ನಿಂತಿದ್ದಳಲ್ಲ. ತಾನು ಕಟ್ಟಡದಲ್ಲೇ ಇಲ್ಲದ ದಿನ ಬರುತ್ತದೆಯೋ ಇಲ್ಲವೋ? ಕಾರ್ಖಾನೆಯ ದೊಡ್ಡ ಪಾತ್ರೆಗೆ ಹಾಕುವ ಕ್ಯಾಟಲಿಸ್ಟನ್ನು ಮುಂದಿನ ಮಂಗಳವಾರ ಡಾಕ್ಟರಮ್ಮ ಮೊದಲ ಸಲ ಒಬ್ಬರೇ ಮಾಡುವವರಿದ್ದರು. ಅವತ್ತು ಇವಳು ಒಂದೇ ಲೆನ್ಸನ್ನು ನಾಲ್ಕು ಸಲ ಒರೆಸಿದಳು.

ಸಂಜೆ ಮನೆಗೆ ಬಂದ ಮೇಲೆ ಫೋನು ಬಂತು. ಇವಳು ಬಿಸ್ಕತ್ತಿನ ಡಬ್ಬಿ ತೆಗೆಯುತ್ತಿದ್ದವಳು ಹಾಗೇ ಎತ್ತಿಕೊಂಡಳು. ಡಾಕ್ಟರಮ್ಮನ ದನಿ ನನಗೂ ಕೇಳಿಸಿತು.

“ಬಂತು ಮೇಡಂ. ನಾನೊಬ್ಳೇ ಇದ್ದೆ.”

ನನ್ನ ಹೆಂಡತಿ “ಹೂಂ” ಎಂದಳು. ಇನ್ನೊಂದು ಸಲ “ಹೂಂ” ಎಂದು ಫೋನಿಟ್ಟಳು. ಡಬ್ಬಿಯಿಂದ ಒಂದು ಬಿಸ್ಕತ್ತು ತೆಗೆದು ಅಲ್ಲೇ ಕಚ್ಚಿ, ಅಮ್ಮನ ಕೈಗೆ ಒಂದು ಕೊಟ್ಟು, ಕಿಟಕಿಯ ಹತ್ತಿರ ಹೋಗಿ ಬೀದಿ ನೋಡುತ್ತ ನಿಂತಳು. ಕಣ್ಣು ಒರೆಸಿಕೊಳ್ಳುತ್ತ ಬಿಸ್ಕತ್ತು ತಿಂದಳು.

ಅಮ್ಮ ನನ್ನ ತೋಳು ತಿವಿದು ಕಟ್ಟೆಯ ಕಡೆ ಕಣ್ಣು ತೋರಿಸಿದರು. ಡಬ್ಬಿ ಬಾಯಿ ತೆರೆದುಕೊಂಡು ಕೂತಿತ್ತು, ಮುಚ್ಚಳ ಪಕ್ಕದಲ್ಲಿ ಅಂಗಾತ ಬಿದ್ದಿತ್ತು. ನಾನು ಸದ್ದು ಮಾಡದೆ ಹೋಗಿ ಅದನ್ನು ಮುಚ್ಚಿ ಬಂದೆ.